ಎರಡು ಕಿಟಕಿ

ಹಳೇಬೀಡಿನಲ್ಲಿ ದೇವಸ್ಥಾನದ ಕಾಂಪೌಂಡಿಗೆ ತೀರ ಹತ್ತಿರದ ಬೀದಿ ನಮ್ಮದು. ಇಲ್ಲಿ ಹೊಸದಾಗಿ ಏನನ್ನೂ ಕಟ್ಟುವಂತಿಲ್ಲ; ರಿಪೇರಿಗೂ ಪುರಾತತ್ವ ಇಲಾಖೆಯ ಅನುಮತಿ ಬೇಕು. ಇದನ್ನು ಬೀದಿಗೆಲ್ಲ ಹೇಳುತ್ತಿದ್ದವರು ನಮ್ಮ ಯಜಮಾನರೇ. ಎದುರು ಮನೆಯವರು ಮಗಳ ಬಾಣಂತನಕ್ಕೆಂದು ತಾರಸಿಯ ಮೇಲೊಂದು ರೂಮು ಎಬ್ಬಿಸಲು ಇಟ್ಟಿಗೆ ಇಳಿಸಿದಾಗ, ಜನರ ಮುಂದೆಯೇ "ಕಾನೂನು ಎಲ್ಲರಿಗೂ ಒಂದೇ ಕಣಯ್ಯ" ಎಂದು ತಡೆದಿದ್ದರು. ಆ ಮನೆಯವರು ಇಟ್ಟಿಗೆ ವಾಪಸು ಕಳಿಸಿದ್ದರು.

ಹೋದ ವರ್ಷ ನಮ್ಮ ನಡುಮನೆಯ ಎರಡು ಮರದ ಕಿಟಕಿಗಳಿಗೆ ಗೆದ್ದಲು ಹಿಡಿಯಿತು. ಬೇಲೂರಿನ ಅಂಗಡಿಯಲ್ಲಿ ಸರಿಸುವಂಥ ಅಲ್ಯೂಮಿನಿಯಂ ಕಿಟಕಿ ನೋಡಿ ಬಂದೆವು. ಇನ್ನಷ್ಟು ಅಗಲವಿರಲಿ ಎಂದವಳು ನಾನೇ. "ಪರ್ಮಿಷನ್ನು?" ಎಂದು ನಾನು ಕೇಳಿದರೆ, ಇವರು "ಕಿಟಕಿಗೆಲ್ಲ ಯಾರು ಕೇಳ್ತಾರೆ, ಸುಮ್ನಿರು" ಎಂದರು.

ಹಳೆಯ ಕಿಟಕಿ ಕಿತ್ತು, ಅಗಲ ಮಾಡಲು ಗೋಡೆ ಒಡೆಯುತ್ತಿದ್ದಾಗ ಇಲಾಖೆಯವರು ಬಂದು ಕೆಲಸ ನಿಲ್ಲಿಸಿದರು. ಇವರು ಕೂಗಾಡಿದರು. "ಈ ಬೀದಿಗೆ ಕಾನೂನು ಹೇಳೋನೇ ನಾನು, ನನಗೇ ಹೇಳ್ತೀರಾ?"

"ಅದಕ್ಕೇ ಸಾರ್, ನಿಮಗೆ ಗೊತ್ತಿಲ್ದೆ ಇರುತ್ತಾ?" ಎಂದರು ಬಂದವರಲ್ಲೊಬ್ಬರು, ಮೆತ್ತಗೆ.

ಬೀದಿಯಲ್ಲಿ ನಿಂತಿದ್ದವರು ಯಾರೂ ನಗಲಿಲ್ಲ. ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ಇವರ ದನಿ ಇಳಿಯಿತು, ಕೈ ಮುಗಿದರು. ಮದುವೆಯಾದಾಗಿನಿಂದ ದೇವರ ಮುಂದೆ ಬಿಟ್ಟರೆ ಆ ಕೈ ಮುಗಿದದ್ದನ್ನು ನಾನು ಕಂಡಿರಲಿಲ್ಲ.

ಗೋಡೆಯಲ್ಲಿ ಎರಡು ಬಾಯಿ ತೆರೆದುಕೊಂಡು ಮನೆ ನಿಂತಿತು. ಸೀರೆ ಕಟ್ಟಿದೆ, ಗಾಳಿಗೆ ನಿಲ್ಲಲಿಲ್ಲ. ದೇವಸ್ಥಾನ ನೋಡಲು ಬಂದವರು ಹೋಗುತ್ತಾ ಇಣುಕುತ್ತಿದ್ದರು. ನಡುಮನೆಯ ಮಂಚದಲ್ಲಿ ಮಲಗಿದ್ದ ಅತ್ತೆ ಒಳಗೋಡೆಯ ಕಡೆ ತಿರುಗಿ, "ಬೀದೀಲಿ ಮಲಗ್ದಂಗೈತೆ ಕಣೇ" ಎಂದರು. ನಾನು ಇನ್ನೊಂದು ಕಂಬಳಿ ತಂದು ಹೊದಿಸಿದೆ.

ಸಂಜೆ ಎದುರು ಮನೆಯವರು ಟಾರ್ಪಾಲು ಹಿಡಿದು ಬಂದರು. ಚುಚ್ಚಲು ಬಂದರೇನೋ ಎಂದು ನಾನು ಒಳಗೇ ಉಳಿದೆ.

"ಅಣ್ಣಾ, ಆ ಕಡೆ ಹಿಡ್ಕಳಿ," ಎಂದರು ಅವರು. ಇಬ್ಬರೂ ಸೇರಿ ಕಟ್ಟಿದರು. ಕೊನೆಗೆ ಇವರು, "ನಿಮ್ ರೂಮಿನ ವಿಷ್ಯ..." ಎಂದು ತಡವರಿಸಿದರು.

"ಬಿಡಿ ಅಣ್ಣಾ. ಅಮ್ಮಂಗೆ ಚಳಿ ಆಯ್ತದೆ, ಮೊದ್ಲು ಇದಾಗ್ಲಿ."

ಅವರಿಗೆ ಒಂದು ಲೋಟ ಕಾಫಿ ಕೊಡಲೂ ನನಗೆ ಮುಖವಿರಲಿಲ್ಲ.

ಅನುಮತಿ ಬರುವಷ್ಟರಲ್ಲಿ ಮಳೆಗಾಲ ಮುಗಿದಿತ್ತು. ಹಳೆಯ ಅಳತೆಯಲ್ಲೇ, ಮರದ್ದೇ ಕಿಟಕಿ ಕೂರಿಸಿದೆವು. ಈಗ ಯಾರಾದರೂ ಮನೆ ರಿಪೇರಿಯ ನಿಯಮ ಕೇಳಿಕೊಂಡು ಬಂದರೆ, ಇವರು "ಆಫೀಸಲ್ಲಿ ಕೇಳ್ರಪ್ಪ" ಎಂದು ತಲೆ ತಗ್ಗಿಸಿ ಒಳಗೆ ಹೋಗಿಬಿಡುತ್ತಾರೆ.