ರಾಣಿಯ ಊಟದ ಕಾನೂನು

ಸುರಪುರದಲ್ಲಿ ಪಶುವೈದ್ಯನಾದ ನನ್ನ ಬಳಿ ಎಮ್ಮೆ, ಎತ್ತುಗಳ ನಡುವೆ ಅಪರೂಪಕ್ಕೊಂದು ಪೊಮೇರಿಯನ್ ನಾಯಿಮರಿ ಬರುತ್ತದೆ. ರಂಗಂಪೇಟೆಯ ಬಟ್ಟೆ ವ್ಯಾಪಾರಿ ಶರಣಪ್ಪನವರ ಹೆಂಡತಿ ಮಹಾದೇವಕ್ಕ ಒಂದು ದಿನ ಅಂಥದೇ ಮರಿ, ತಮ್ಮ ರಾಣಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದರು. ಮರಿಯ ಹೊಟ್ಟೆ ಉಬ್ಬಿತ್ತು, ವಾಂತಿ ನಿಂತಿರಲಿಲ್ಲ. ಅಕ್ಕನ ಕಣ್ಣಲ್ಲಿ ನೀರು.

"ಊಟ ಹೆಂಗ ಹಾಕ್ತೀರಿ?"

"ಬಟ್ಲ ಖಾಲಿ ಆಗಾಕ ಬಿಡಂಗಿಲ್ರಿ. ಬೇಕಾದಾಗ ತಿಂತಾಳ."

ಸೂಜಿ ಹಾಕಿ ಹೇಳಿದೆ: "ಹಂಗ ಇಡಬ್ಯಾಡ್ರಿ ಅಕ್ಕಾರ. ಸಣ್ಣ ಜಾತಿ ಮರಿ, ಭಾಳ ಹೊತ್ತು ಉಪಾಸಾನೂ ತಡಿಯಂಗಿಲ್ಲ. ದಿನಕ್ಕ ನಾಕು ಸಲ ಸ್ವಲ್ಪ ಸ್ವಲ್ಪ ಹಾಕ್ರಿ. ತಿನ್ನೂದು ಬಿಟ್ಟು ಎದ್ದ ಕೂಡ್ಲೇ ಬಟ್ಲ ಎತ್ತಿಬಿಡ್ರಿ."

"ಆಮ್ಯಾಲ ನನ್ನ ಮಾರಿ ನೋಡಿದ್ರ?"

"ನೀವು ಅದರ ಮಾರಿ ನೋಡಬ್ಯಾಡ್ರಿ."

ಕೆಲವು ದಿನಗಳ ನಂತರ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಶರಣಪ್ಪನವರು ಸಿಕ್ಕರು. ಗೋಡೆಗೆ ಮುಖ ಮಾಡಿ ಮಿರ್ಚಿ ಭಜಿ ತಿನ್ನುತ್ತಿದ್ದರು.

"ರಾಣಿ ಹೆಂಗ ಅದಾಳ್ರಿ?"

"ಜಿಗದಾಡಾಕತ್ತಾಳ್ರಿ ಡಾಕ್ಟ್ರ. ಆದ್ರ ನಿಮ್ಮ ಕಾನೂನು ನಮ್ಮಾಕಿ ನನಗೂ ಹಚ್ಯಾಳ. ಊಟದ ನಡುವ ಫೋನ್ ಬಂತಂತ ಎದ್ದು ಹೋದ್ರ, ಬರೂದ್ರಾಗ ತಾಟ ಇರಂಗಿಲ್ಲ."

"ನಾಕು ಸಲ ಹಾಕ್ತಾರಲ್ರಿ?"

"ನಾಕು ಸಲ ರಾಣಿಗ್ರಿ. ನನಗ ಎರಡ."

ಮನುಷ್ಯರ ಪಥ್ಯ ನನ್ನ ಕೆಲಸದ ವ್ಯಾಪ್ತಿಗೆ ಬರುವುದಿಲ್ಲ. ಹಾಗಾಗಿ ಅವರಿಗೆ ಇನ್ನೊಂದು ಪ್ಲೇಟ್ ಭಜಿ ಹೇಳಿದೆ.