ಕಷಾಯ ಚೆಲ್ಲಿದ ಅಜ್ಜಿ

ಕೆನ್ನೆಗೆ ಅರಿಶಿನ ಹಚ್ಚುವುದನ್ನು ಬಿಟ್ಟು ಎಷ್ಟೋ ಕಾಲವಾಗಿದ್ದರೂ ಅವಳ ಬಲಗೈ ತೋರುಬೆರಳಿನ ಅರಿಶಿನ ಮಾತ್ರ ಹೋಗಿರಲಿಲ್ಲ. ಉಗುರಿನ ಸಂದಿಯಲ್ಲಿ, ಚರ್ಮದ ಗೆರೆಗಳಲ್ಲಿ ಕೂತೇಬಿಟ್ಟಿತ್ತು. ಆ ಬೆರಳು ನಮ್ಮ ಬಾಯೊಳಗೆ ಹೋಗಿ ಕಿರುನಾಲಿಗೆಯ ಪಕ್ಕಕ್ಕೆ ಅರಿಶಿನ ಕಲಸಿದ ಜೇನು ಸವರಿ ಬರುತ್ತಿತ್ತು. ನಾನು ಎಷ್ಟೋ ಸಲ ಅದನ್ನು ಕಚ್ಚಿದ್ದೇನೆ. "ಕಚ್ಚೇ, ಕಚ್ಚು. ಹಲ್ಲಾದ್ರೂ ಗಟ್ಟಿಯಾಗ್ಲಿ" ಎಂದು ನಗುತ್ತಿದ್ದಳು.

ಶಿವನಿಯಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದು ಬಾವಿ ಇತ್ತು, ಅಷ್ಟೇ. ನಂಟಸ್ತಿಕೆ ಏನೂ ಇಲ್ಲದಿದ್ದರೂ ಅಮ್ಮ ಅವಳನ್ನು ಅತ್ತೆ ಎನ್ನುತ್ತಿದ್ದಳು. ಮಕ್ಕಳಿಗೆಲ್ಲ ಅವಳು ಕಷಾಯದಜ್ಜಿ. ಮನೆಯಲ್ಲಿ ಒಬ್ಬಳೇ ಇದ್ದಳು. ಒಂದು ಕಾಲಕ್ಕೆ ಒಬ್ಬ ಮಗಳಿದ್ದಳಂತೆ, ಚಿಕ್ಕಂದಿನಲ್ಲೇ ಹೋದಳಂತೆ. ಅದಕ್ಕಿಂತ ಹೆಚ್ಚು ನಮಗೆ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಗಂಟಲು ಕೆರೆಯುತ್ತದೆ ಎಂದವರಿಗೆ ಮೊದಲು ಬಿಸಿ ಉಪ್ಪುನೀರು. ಗಂಟಲಲ್ಲಿ ಗೊಳಗೊಳ ಸದ್ದಾಗುವಂತೆ ಮುಕ್ಕಳಿಸಬೇಕು, ನಾಚಿಕೊಂಡು ಉಗುಳಿದರೆ ಬೈಗುಳ. ಆಮೇಲೆ ಶುಂಠಿ, ಮೆಣಸು, ತುಳಸಿ ಕುದಿಸಿದ ಕಷಾಯ. ಕತ್ತಿಗೆ ಹೊರಗಿನಿಂದ ಸುಣ್ಣ-ಜೇನಿನ ಪಟ್ಟು. ಮಲಗುವಾಗ ದವಡೆಯಲ್ಲಿ ಅತಿಮಧುರದ ಒಂದು ಚೂರು. ಅಯ್ಯೋ, ಆ ಪಟ್ಟು ಒಣಗಿ ಕತ್ತು ಹಿಡಿದುಕೊಂಡರೆ ತಲೆ ತಿರುಗಿಸುವಂತಿರಲಿಲ್ಲ!

ವಾಸಿಯಾಯಿತು ಎಂದು ಬಾಯಲ್ಲಿ ಹೇಳಿದರೆ ಅವಳು ಒಪ್ಪುತ್ತಿರಲಿಲ್ಲ. ಬಾವಿಕಟ್ಟೆಯ ಮೇಲೆ ನಿಂತು "ಅವ್ವಾ" ಎಂದು ಕೂಗಬೇಕು. ಅಜ್ಜೀ ಎಂದರೆ ನಡೆಯದು, ಅವ್ವಾ ಎಂದೇ ಆಗಬೇಕು. ಅವಳು ಅಡಿಗೆಮನೆಯಲ್ಲಿ ಒಲೆಯ ಮುಂದೆ ಕೂತಿರುತ್ತಿದ್ದಳು. ಅಲ್ಲಿಗೆ ಚೆನ್ನಾಗಿ ಕೇಳಿಸಿದರೆ "ಓ" ಎನ್ನುವಳು. ಓ ಬಂದರೆ ಔಷಧಿ ಮುಗಿಯಿತು, ಬರದಿದ್ದರೆ ಮತ್ತೆ ಕಷಾಯ. ಇದಕ್ಕೆ ದೊಡ್ಡವರು ಚಿಕ್ಕವರೆಂಬ ಭೇದವಿರಲಿಲ್ಲ. ತೆಂಗಿನಕಾಯಿ ಹಂಚುವಾಗ ತಮ್ಮನೊಡನೆ ಕಿರುಚಾಡಿ ಗಂಟಲು ಕಟ್ಟಿಸಿಕೊಂಡಿದ್ದ ಪಟೇಲರೂ ಮೀಸೆ ಹೊತ್ತುಕೊಂಡು ಬಾವಿಕಟ್ಟೆ ಹತ್ತಿ "ಅವ್ವಾ" ಎಂದಿದ್ದರು. "ಓ! ಇನ್ನೆರಡು ದಿನ ಹಿಂಗೇ ಕಟ್ಟಿರ್ಬೇಕಿತ್ತು ಕಣಪ್ಪಾ, ನಿನ್ನ ಹೆಂಡ್ತಿ ಸುಖವಾಗಿರೋಳು" ಎಂದು ಒಳಗಿನಿಂದ ಉತ್ತರ ಬಂತು. ನಾವು ನೆಲಕ್ಕೆ ಬಿದ್ದು ನಕ್ಕೆವು.

ನನಗೆ ಏಳೋ ಎಂಟೋ ವರ್ಷ. ಒಂದು ಚಳಿಗಾಲ ಜ್ವರ ಬಂತು, ಗಂಟಲು ಊದಿತು, ಎಂಜಲು ನುಂಗುವುದೂ ಆಗದು. ಅಮ್ಮ ನನ್ನನ್ನು ಸೊಂಟದ ಮೇಲೆ ಹೊತ್ತು ಅಜ್ಜಿಯ ಜಗುಲಿಗೆ ತಂದಳು. ಒಲೆಯ ಮೇಲೆ ಕಷಾಯ ಕುದಿಯುತ್ತಿತ್ತು. ಅಜ್ಜಿ ನನ್ನನ್ನು ಬಿಸಿಲಿಗೆ ತಿರುಗಿಸಿ, ಹಿತ್ತಾಳೆ ಚಮಚದ ಹಿಡಿಯಿಂದ ನಾಲಿಗೆ ಒತ್ತಿ ನೋಡಿದಳು. ಚಮಚ ನನ್ನ ಹಲ್ಲಿಗೆ ಟಕಟಕ ತಾಗಿದ್ದು ನನಗೇ ಕೇಳಿಸಿತು.

"ಬಿಳೀ ಪೊರೆ ಕಟ್ಟೈತೆ. ಇದು ನನ್ನ ಕೈಲಾಗೋದಲ್ಲ. ಆಸ್ಪತ್ರೆಗೆ ಒಯ್ಯಿರಿ" ಎಂದಳು.

ಅಪ್ಪನಿಗೆ ಆಸ್ಪತ್ರೆ ಎಂದರೆ ಹೆಣ ತರುವ ಜಾಗ. ಅಮ್ಮನೋ ಅವಳ ಕಾಲು ಹಿಡಿದುಕೊಂಡಳು. "ನಿಮ್ಮ ಕೈಗುಣ ಊರಿಗೇ ಗೊತ್ತು. ಒಂದು ಲೋಟ ಕಷಾಯ ಕೊಡಿ ಅತ್ತೆ, ನಾಳೆ ನೋಡಾನ."

ಅಜ್ಜಿ ಒಳಗೆ ಹೋದಳು. ಕುದಿಯುವ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದು ತಂದು ಅಂಗಳಕ್ಕೆ ಚೆಲ್ಲಿಬಿಟ್ಟಳು. ನೀರಿಗೆ ಬಂದ ಹೆಂಗಸರು ಕೊಡ ಹಿಡಿದು ನಿಂತಿದ್ದರು. ಅವರೆಲ್ಲರ ಎದುರಿಗೇ ಹೇಳಿದಳು:

"ನನ್ನ ಮಗಳ ಗಂಟಲಲ್ಲೂ ಇದೇ ಪೊರೆ ಇತ್ತು ಕಣೇ. ರೈಲು ಹತ್ಸು ಅಂತ ಟೇಸನ್ ಮಾಸ್ತರ್ರು ಬಡ್ಕಂಡ್ರು. ನನ್ ಕೈಗುಣ ಇರೋವಾಗ ಆಸ್ಪತ್ರೆ ಯಾಕೆ ಅಂತ ಮೆರೆದೆ. ಕುಡಿಸ್ದೆ, ಕುಡಿಸ್ತಾನೇ ಇದ್ದೆ. ಕೊನೇಗೆ ಅವ್ವಾ ಅನ್ನಕ್ಕೆ ಬಾಯಿ ತೆಗದ್ಲು. ಸದ್ದೇ ಬರ್ಲಿಲ್ಲ. ಎದ್ದೇಳು, ರೈಲಿಗೆ ಹೊತ್ತಾಯ್ತು."

ಬದುಕಿನಲ್ಲಿ ರೈಲು ಹತ್ತದಿದ್ದವಳು ನಮ್ಮೊಡನೆ ಹತ್ತಿದಳು. ಬೀರೂರಿನಲ್ಲಿ ಇಳಿದು ಶಿವಮೊಗ್ಗದ ಗಾಡಿ ಹಿಡಿಯುವವರೆಗೂ, ಅಲ್ಲಿಂದ ಮುಂದಕ್ಕೂ ನನ್ನ ತಲೆ ಅವಳ ತೊಡೆಯ ಮೇಲಿತ್ತು. ತರೀಕೆರೆ ದಾಟಿದ ಮೇಲೆ ಉಸಿರು ಸಿಳ್ಳೆಯ ಹಾಗೆ ಸದ್ದು ಮಾಡುತ್ತಿತ್ತು ಎಂದು ಅಮ್ಮ ಹೇಳುತ್ತಾಳೆ. ನನಗೆ ನೆನಪಿರುವುದು ಅಜ್ಜಿಯ ಬೆರಳಿನ ಅರಿಶಿನದ ವಾಸನೆ ಮಾತ್ರ. ಆಸ್ಪತ್ರೆಯಲ್ಲಿ ಸೂಜಿಮದ್ದು ಕೊಟ್ಟರು. ಇನ್ನೊಂದು ರಾತ್ರಿ ತಡೆದಿದ್ದರೆ ಕಷ್ಟವಿತ್ತು ಎಂದರಂತೆ.

ನಾನು ಉಳಿದೆ. ಊರಲ್ಲಿ ಅವಳ ಹೆಸರು ಉಳಿಯಲಿಲ್ಲ. ಹೆತ್ತ ಮಗಳನ್ನೇ ಕಷಾಯ ಕುಡಿಸಿ ಕಳೆದುಕೊಂಡವಳು ಎಂಬ ಮಾತು ಮನೆಮನೆಗೆ ಹೋಯಿತು. ಕಾಲು ಹಿಡಿಯುತ್ತಿದ್ದವರು ಅವಳ ಜಗುಲಿ ಬಿಟ್ಟು ಬಳಸಿ ಓಡಾಡತೊಡಗಿದರು. ಮೀಸೆಯ ಪಟೇಲರೂ ಅಷ್ಟೇ. ಆ ಜನರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಅದು ಹೋಗುವುದಿಲ್ಲ.

ಪೊರೆ ಹೋದರೂ ನನ್ನ ದನಿ ಬಂದಿರಲಿಲ್ಲ. "ಈಗ ನನ್ನ ಸರದಿ" ಎಂದು ಅಜ್ಜಿ ಶುರು ಮಾಡಿದಳು. ಅದೇ ಉಪ್ಪುನೀರು, ಅದೇ ಜೇನು, ಅದೇ ಅತಿಮಧುರ. ಆ ಬೇಸಿಗೆಯಲ್ಲಿ ಒಂದು ಬೆಳಗ್ಗೆ ನಾನೇ ಬಾವಿಕಟ್ಟೆ ಹತ್ತಿದೆ. "ಅವ್ವಾ" ಎಂದೆ. ದನಿ ಒಡಕಲಾಗಿತ್ತು, ಬೇರೆ ದಿನವಾಗಿದ್ದರೆ ಅವಳು ಒಪ್ಪುತ್ತಲೇ ಇರಲಿಲ್ಲ. ಅವತ್ತು ಸೌಟು ಹಿಡಿದುಕೊಂಡೇ ಹೊರಗೆ ಓಡಿ ಬಂದಳು. "ಓ, ಬಂದೆ ಕಣೇ ಮಗಳೇ, ಬಂದೆ" ಎಂದು ನನ್ನನ್ನು ತಬ್ಬಿಕೊಂಡು ಅತ್ತಳು. ಅವ್ವಾ ಎಂದೇ ಯಾಕೆ ಕೂಗಿಸುತ್ತಿದ್ದಳೆಂದು ನನಗೆ ಆಗ ಗೊತ್ತಾಯಿತು.

ಮದುವೆಯಾಗಿ ಸಖರಾಯಪಟ್ಟಣಕ್ಕೆ ಹೋದ ಮೇಲೂ ತವರಿಗೆ ಬಂದಾಗಲೆಲ್ಲ ಮೊದಲು ಬಾವಿಕಟ್ಟೆ ಹತ್ತುತ್ತಿದ್ದೆ. ಅಜ್ಜಿಯ ಕಣ್ಣು ಮಂಜಾಗಿ ಜಗುಲಿ ದಾಟದ ಹಾಗಾಗಿದ್ದರೂ ಒಳಗಿನಿಂದ ಓ ಬರುತ್ತಿತ್ತು. ಅಮ್ಮ ದಿನಾ ಎರಡು ಹೊತ್ತೂ ಅವಳಿಗೆ ಊಟ ಒಯ್ಯುತ್ತಿದ್ದಳು.

ಅಜ್ಜಿ ಹೋದಳೆಂಬ ಸುದ್ದಿ ಬಂದಾಗ ನಾನು ಬಸುರಿ. ಹೋಗಬೇಡ ಎಂದರು ನನ್ನ ಅತ್ತೆ. ಗಾಡಿ ಕಟ್ಟಿಸಿಕೊಂಡು ಕಡೂರಿಗೆ ಬಂದು ರೈಲು ಹಿಡಿದೆ. ನಮ್ಮ ಕಡೆಯ ಪದ್ಧತಿಯಂತೆ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆಯ ತುಂಬ ವಿಭೂತಿ. ಮೈಯೆಲ್ಲ ತೊಳೆದಿದ್ದರೂ ಬೆರಳು ಹಳದಿಯಾಗಿಯೇ ಇತ್ತು. ಯಾರೋ ಕೂಗುವುದನ್ನು ಕೇಳಿಸಿಕೊಳ್ಳಲು ಕೂತವಳಂತೆ ಕಂಡಳು. ನನಗೆ ತಡೆಯಲಾಗಲಿಲ್ಲ. ಹೊರಗೆ ಬಂದೆ. ಹೊಟ್ಟೆ ಹಿಡಿದುಕೊಂಡು ಬಾವಿಕಟ್ಟೆ ಹತ್ತಿದೆ. ಅಮ್ಮ ಬೇಡ ಎನ್ನಲಿಲ್ಲ.

"ಅವ್ವಾ" ಎಂದು ಕೂಗಿದೆ. ದನಿಯಲ್ಲಿ ಒಡಕೇ ಇರಲಿಲ್ಲ, ಕೇರಿಗೆಲ್ಲ ಕೇಳಿಸಿತು. ನಾನು ಓ ಬರಲೆಂದು ನಿಂತೇ ಇದ್ದೆ.