ಟಯರಿನೊಳಗೆ ಆಡಿಸಿದ ಕೈ

ಮದುವೆಯಾಗಿ ಬಂದ ಹೊಸತರಲ್ಲಿ ನಾನು ಒಂದು ಸೈಕಲ್ಲಿನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೇನೆ. ನಮ್ಮ ಮನೆಯವರು ಬೆಳಗ್ಗೆ ಎದ್ದರೆ ಮೊದಲು ಅದರ ಮುಖ ನೋಡುತ್ತಿದ್ದರು, ಆಮೇಲೆ ನನ್ನದು. ಮಾವನ ಕಾಲದ ಸೈಕಲ್ಲು. ಅದರ ಮೂಲ ಬಣ್ಣ ಯಾವುದೆಂದು ಅತ್ತೆಗೂ ನೆನಪಿರಲಿಲ್ಲ. ನಮ್ಮ ಅನ್ನ ಅದರ ಮೇಲೆಯೇ ನಡೆಯುತ್ತಿತ್ತು ಅನ್ನುವುದು ಬೇರೆ ಮಾತು. ಮಾಗಳದ ದಾರಿಯಲ್ಲಿ ನಮ್ಮದೊಂದು ಚೂರು ಮಲ್ಲಿಗೆ ತೋಟವಿತ್ತು. ನಸುಕಿನಲ್ಲೇ ಮೊಗ್ಗು ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ, ಬಿಸಿಲೇರುವುದರೊಳಗೆ ಹಡಗಲಿಯ ವ್ಯಾಪಾರಿಗೆ ಮುಟ್ಟಿಸಬೇಕು. ದಾರಿಯಲ್ಲೇ ಅರಳಿದರೆ ಅದನ್ನು ಕೇಳುವವರಿರಲಿಲ್ಲ.

ಆ ದಾರಿಯ ಎರಡೂ ಬದಿ ಜಾಲಿ. ಮುಳ್ಳು ಚುಚ್ಚದ ವಾರವಿಲ್ಲ. ಪಂಕ್ಚರ್ ಹಾಕುವ ಅಂಗಡಿ ಇದ್ದದ್ದು ಹಡಗಲಿಯಲ್ಲಿ, ಹಾಗಾಗಿ ಅವರೇ ಅಂಗಳದಲ್ಲಿ ಕೂತು ಹಾಕಿಕೊಳ್ಳುತ್ತಿದ್ದರು. ನನಗೂ ಕಲಿಸಿದರು. ಚಮಚದ ಹಿಡಿಕೆಯಿಂದ ಟಯರು ಬಿಚ್ಚುವುದು, ಟ್ಯೂಬನ್ನು ಬಕೀಟಿನ ನೀರಲ್ಲಿ ಅದ್ದಿ ಗುಳ್ಳೆ ಏಳುವ ಜಾಗ ಹಿಡಿಯುವುದು, ಒರೆಸಿ, ಉಜ್ಜಿ, ಸಲ್ಯೂಷನ್ ಹಚ್ಚಿ ರಬ್ಬರಿನ ತುಂಡು ಕೂರಿಸುವುದು.

"ಇಷ್ಟು ಮಂಗ್ಯಾನೂ ಕಲೀತೈತಿ" ಅಂದರು. "ಟಯರಿನೊಳಗ ಕೈಯಾಡಿಸೋದು ಕಲಿ. ಮುಳ್ಳು ಹೊರಗ ಮುರದಿರತೈತಿ, ಮೊನಿ ಒಳಗ ಉಳದಿರತೈತಿ. ಕಣ್ಣಿಗಿ ಕಾಣಂಗಿಲ್ಲ, ಬೆರಳಿಗಿ ಸಿಗತೈತಿ."

"ನಿಮಗಿಂತ ಛಲೋ ಕಲೀತೀನಿ ನೋಡ್ರಿ" ಅಂದೆ. ನನ್ನ ಬಾಯಿ ಆಗಲೂ ಹಾಗೆಯೇ ಇತ್ತು.

ತೊಂಬತ್ತರ ದಶಕದ ನಡುವಿನ ಒಂದು ಮಳೆಗಾಲ. ಹಾಕಿದ ಪಂಕ್ಚರ್ ಒಂದು ದಿನವೂ ನಿಲ್ಲದಾಯಿತು. ಅವರು ಸೈಕಲ್ಲು ತಳ್ಳಿಕೊಂಡು, ಅರಳಿದ ಹೂವನ್ನು ಹಾಗೇ ಹೊತ್ತು ಮನೆಗೆ ವಾಪಸು ಬರತೊಡಗಿದರು. ನನಗೆ ತಲೆ ಕೆಟ್ಟುಹೋಯಿತು. ಒಂದು ದಿನ ಎದುರಿಗೇ ಕೂತೆ. ಟ್ಯೂಬಿಗೆ ತುಂಡು ಹಾಕಿದ್ದು ಸರಿಯಾಗಿಯೇ ಇತ್ತು. ಟಯರಿನೊಳಗೆ ಸುತ್ತಲೂ ಕೈಯಾಡಿಸಿ "ಏನಿಲ್ಲ" ಅಂದರು. ನಂಬಲಿಲ್ಲ. ಕಿತ್ತುಕೊಂಡು ನಾನೂ ಕೈಯಾಡಿಸಿದೆ. ಮೊನೆ ನಟ್ಟಿತು, ಕೈ ಎಳೆದುಕೊಂಡೆ.

ಬೈಯಲು ತಲೆ ಎತ್ತಿದರೆ ಅವರ ಬೆರಳಿನಿಂದ ರಕ್ತ ಇಳಿಯುತ್ತಿತ್ತು. ಅವರಿಗೆ ಅದು ಗೊತ್ತೇ ಇರಲಿಲ್ಲ.

"ಕೈ ಉರಿಯಂಗಿಲ್ಲೇನ್ರಿ?"

"ಯಾಕ?" ಅಂದರು. ಆಮೇಲೆ ಕೈ ನೋಡಿಕೊಂಡರು. ನಾನು ಮುಳ್ಳು ಕಿತ್ತು ಅವರ ಕಿರುಬೆರಳಿಗೆ ಒತ್ತಿದೆ. ಅವರು ಬೆರಳು ನೋಡದೆ ನನ್ನ ಮುಖ ನೋಡುತ್ತಿದ್ದರು. "ಬ್ಯಾಸಗಿಂದ ಹಿಂಗ ಐತಿ" ಅಂದರು, ಮೆಲ್ಲಗೆ. ನನಗೆ ಭಯವಾಯಿತು. ಅವರ ಬೆನ್ನ ಮೇಲಿನ ಬಿಳಿಚು ಮಚ್ಚೆಯನ್ನು ನಾನು ಅಲ್ಲಿಯವರೆಗೆ ಚಿಬ್ಬು ಅಂದುಕೊಂಡು ಮುಲಾಮು ತಿಕ್ಕುತ್ತಿದ್ದೆ.

ಸರ್ಕಾರಿ ಆಸ್ಪತ್ರೆಯ ಡಾಕ್ಟರು ಅವರ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಕೈಯೆಲ್ಲ ಮುಟ್ಟಿ ನೋಡಿ, ಕುಷ್ಠ ಅಂದರು. ಗುಳಿಗೆ ಪುಕ್ಕಟೆ, ರೋಗ ನಿಲ್ಲುತ್ತದೆ, ಗುಳಿಗೆ ಶುರುವಾದ ಮೇಲೆ ಯಾರಿಗೂ ಹತ್ತುವುದಿಲ್ಲ. ಹೋದ ಸ್ಪರ್ಶ ಮಾತ್ರ ಬರುವ ಭರವಸೆ ಇಲ್ಲ ಅಂದರು. ನಾವು ಯಾರಿಗೂ ಹೇಳಲಿಲ್ಲ. ಆದರೆ ಆ ಗುಳಿಗೆಗೆ ಅವರ ಮುಖ ಸೀದ ರೊಟ್ಟಿಯ ಹಾಗೆ ಕಪ್ಪಾಯಿತು. ಊರ ಬಾಯಿಗೆ ಮುಚ್ಚಳವೆಲ್ಲಿ? ದೊಡ್ಡ ರೋಗ ಅಂತೆ ಅಂದರು. ಅತ್ತೆ ಮಗನ ತಾಟನ್ನು ಬೇರೆ ಇಟ್ಟರು. ಹೆತ್ತ ತಾಯಿ. ನನಗೆ ಮೈಯೆಲ್ಲ ಉರಿಯಿತು. ಅವತ್ತಿನಿಂದ ನಾನು ಆ ತಾಟಿನಲ್ಲೇ ಉಂಡೆ, ಅವರು ಉಂಡೆದ್ದ ಮೇಲೆ, ಅತ್ತೆಯ ಎದುರಿಗೇ.

ವ್ಯಾಪಾರಿಯ ಎದುರು ಆ ಧಿಮಾಕು ನಡೆಯಲಿಲ್ಲ. "ನೋಡಬೇ ತಂಗಿ, ಹೂವು ದೇವರ ತಲಿಗಿ ಹೋಗತಾವ. ನೀ ತಂದ್ರ ತಗೊಂತೀನಿ, ಅವರ ಕೈ ತಾಕಬಾರದು" ಅಂದ. ಡಾಕ್ಟರು ಹೇಳಿದ್ದನ್ನು ಹೇಳಿದೆ. "ನನಗ ಗೊತ್ತಾತು ಬೇ, ಗಿರಾಕಿಗಿ ಯಾರು ಹೇಳಬೇಕು?" ಅಂದ. ಅವನ ಮುಖಕ್ಕೆ ಹೂವು ಎಸೆದು ಬರಬೇಕು ಅನ್ನಿಸಿತು. ಎಸೆಯಲಿಲ್ಲ. ಗಂಟು ತೂಕಕ್ಕೆ ಇಟ್ಟೆ.

ಹೀಗೆ ಸೈಕಲ್ಲು ನನ್ನ ಪಾಲಿಗೆ ಬಂತು. ಅದರ ಉಳಿದ ವಿದ್ಯೆಯನ್ನು ಅವರು ಬರೀ ಬಾಯಲ್ಲಿ ಕಲಿಸಿದರು. ಹೂವಿನ ಸೈಕಲ್ಲು ಮುಟ್ಟುವುದನ್ನು ಯಾರಾದರೂ ಕಂಡಾರೆಂದು, ಕಟ್ಟೆಯ ಮೇಲೆ ಕೈಕಟ್ಟಿ ಕೂತು ಹೇಳುತ್ತಿದ್ದರು. "ಚೈನಿಗಿ ಎಣ್ಣಿ ಸುರೀಬ್ಯಾಡ, ಹಚ್ಚು. ಬ್ರೇಕಿನ ತಂತಿ ಜಗ್ಗು. ಸಾಕು." ಚಕ್ರದ ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸು ಮೆತ್ತಿ ಕೂರಿಸುವಾಗ ಒಂದು ಜಾರಿ ಉರುಳಿ ಅವರ ಕಾಲ ಬಳಿ ನಿಂತಿತು. ಅವರು ಬಗ್ಗಿದರು, ಬೀದಿಯ ಕಡೆ ನೋಡಿದರು, ಮತ್ತೆ ನೆಟ್ಟಗೆ ಕೂತರು. ನಾನೇ ಎದ್ದು ಹೋಗಿ ಎತ್ತಿಕೊಂಡೆ.

"ಗುಳಿಗಿ ಮುಗೀಲಿ, ಮತ್ತ ನಾನ ಹೋಗತೀನಿ" ಅನ್ನುತ್ತಿದ್ದರು, ದಿನಾ. ಅವರಿಗೆ ಬದುಕಲು ಅದೊಂದೇ ಆಸೆ ಉಳಿದಿತ್ತು. ಅವರು ಎತ್ತರದ ಆಳು, ಸೀಟಿನ ಮೇಲೆ ಕೂತರೆ ನನ್ನ ಕಾಲು ಪೆಡಲಿಗೆ ಸಿಗದು. ಸೀಟು ಇಳಿಸಲು ನನಗೆ ಮನಸ್ಸು ಬರಲಿಲ್ಲ. ಸೀರೆ ಕಚ್ಚೆ ಕಟ್ಟಿ, ಚಿಕ್ಕಂದಿನಲ್ಲಿ ಕಲಿತಂತೆ ಪೈಪಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆಯುತ್ತಿದ್ದೆ. ನಗುವವರು ನಕ್ಕರು.

ಗುಳಿಗೆ ಮುಗಿಯಿತು. ಡಾಕ್ಟರು ವಾಸಿಯಾಯಿತು ಅಂದರು. ಮರುದಿನ ನಾನು ಏಳುವುದರೊಳಗೆ ಅವರು ಮೊಗ್ಗು ಬಿಡಿಸಿ, ಒಗೆದ ಅಂಗಿ ತೊಟ್ಟು ಹಡಗಲಿಗೆ ಹೊರಟುಬಿಟ್ಟಿದ್ದರು. ಬಾಗಿಲಲ್ಲಿ ಕಾದೆ. ಬಿಸಿಲೇರಿದ ಮೇಲೆ ಬಂದರು. ಗಂಟು ಇರಲಿಲ್ಲ. ನನಗೆ ಸಂತೋಷವಾಯಿತು.

"ತಗೊಂಡನೇನ್ರಿ?"

"ಅಲ್ಲಿ ಇಡು ಅಂದ, ಇಟ್ಟೆ. ಸಂತಿ ಸುತ್ತಿ ಬಂದು ನೋಡಿದ್ರ ಇಟ್ಟಲ್ಲೇ ಇತ್ತು. ಹೂವು ಅರಳಿದ್ವು. ಅಲ್ಲೇ ಬಿಟ್ಟು ಬಂದೆ." ಸೈಕಲ್ಲನ್ನು ಗೋಡೆಗೆ ಆನಿಸಿದರು. "ಪಾನಾ ತಾ. ಸೀಟು ಇಳಿಸು, ನಿನ್ನ ಕಾಲಿಗಿ ಎಟಕೋವಷ್ಟು."

"ಇನ್ನೊಂದು ಸಲ ಹೋಗಿ ನೋಡ್ರಿ" ಅಂದೆ. ಅವರೇ ಒಳಗೆ ಹೋಗಿ ಪಾನಾ ತಂದು ನನ್ನ ಕೈಗಿಟ್ಟರು.

ಬೋಲ್ಟು ತುಕ್ಕು ಹಿಡಿದು ಕೂತಿತ್ತು. ಎಣ್ಣೆ ಬಿಟ್ಟು, ಕಾದು, ಎರಡೂ ಕೈಯಿಂದ ತಿರುವಿದೆ. ಸಡಿಲಾಯಿತು. ಸೀಟು ಇಳಿಸಿ ಬಿಗಿದೆ. ಅವರು ಬೀದಿಯ ಕಡೆ ನೋಡದೆ ಕ್ಯಾರಿಯರು ಹಿಡಿದುಕೊಂಡು, "ಹತ್ತು" ಅಂದರು. ಹತ್ತಿ ಕೂತೆ. ನನ್ನ ಎರಡೂ ಕಾಲು ನೆಲಕ್ಕೆ ಸರಿಯಾಗಿ ಮುಟ್ಟಿದವು. ಅವರು ಅದನ್ನು ನೋಡಿದರು, ಕ್ಯಾರಿಯರು ಬಿಟ್ಟರು, ಒಳಗೆ ಹೋಗಿ ಹಾಡುಹಗಲಲ್ಲೇ ಗೋಡೆಗೆ ಮುಖ ಮಾಡಿ ಮಲಗಿದರು.